ಬೈಸಿಕಲ್ಲಿನ ಮೇಲೆ ದೋಣಿಗಲ್: ಇಳಿಜಾರಿನ ಒಂದು ಪಾಠ

ಒಂದು ನಾಡನ್ನು ತಿಳಿಯುವುದಕ್ಕೆ ಹಲವು ದಾರಿಗಳುಂಟು. ಭೂಪಟವನ್ನು ಮೇಜಿನ ಮೇಲೆ ಹರಡಿಕೊಂಡು ನೋಡಬಹುದು, ಗ್ಯಾಸೆಟಿಯರನ್ನು ಓದಬಹುದು, ಬಸ್ಸಿನ ಕಿಟಕಿಯ ಬಳಿ ಕುಳಿತು ಹಾದುಹೋಗಬಹುದು. ಭೂಪಟವು ದೂರವನ್ನು ತಿಳಿಸುತ್ತದೆ. ಗ್ಯಾಸೆಟಿಯರು ಸಂಗತಿಗಳನ್ನು ತಿಳಿಸುತ್ತದೆ. ಬಸ್ಸು ಊರುಗಳ ಹೆಸರನ್ನು ತೋರಿಸುತ್ತದೆ. ಆದರೆ ನೆಲದ ಏರಿಳಿತವೆಂಬ ಮುಖ್ಯ ವಿಷಯ ಈ ಮೂರರಲ್ಲಿಯೂ ಮನಸ್ಸಿಗೆ ನಾಟುವುದಿಲ್ಲ. ಭೂಪಟದ ಸಮೋನ್ನತಿ ರೇಖೆಗಳು ಅದನ್ನು ತೋರಿಸುತ್ತವೆ, ನಿಜ. ಆದರೆ ಅವು ಕಣ್ಣಿಗೆ ತಿಳಿಯುತ್ತವೆಯೇ ಹೊರತು ಕಾಲಿಗೆ ತಿಳಿಯವು. ಏರಿಳಿತವನ್ನು ಕಾಲಿಗೆ ತಿಳಿಸಿಕೊಡುವ ಯಂತ್ರ ಒಂದೇ. ಅದು ನಮ್ಮೆಲ್ಲರ ಮನೆಯ ಜಗಲಿಯ ಮೇಲೆ ಒರಗಿ ನಿಂತಿರುವ ಬೈಸಿಕಲ್ಲು.

ಸಕಲೇಶಪುರ ಮತ್ತು ಆಲೂರಿನ ಗುಡ್ಡಗಾಡನ್ನು ಬೈಸಿಕಲ್ಲಿನ ಮೇಲೆ ಅಭ್ಯಾಸ ಮಾಡಿದವನಿಗೆ ಏನು ತಿಳಿಯುತ್ತದೆ ಎಂಬುದನ್ನು ಈ ಲೇಖನದಲ್ಲಿ ಹೇಳಲು ಯತ್ನಿಸಿದ್ದೇನೆ. ಭೂಗೋಳವನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವ ನಾನೂ ನನ್ನ ಇಬ್ಬರು ಗೆಳೆಯರೂ ಕಳೆದ ಜನವರಿಯಲ್ಲಿ ಹಾಸನದಿಂದ ದೋಣಿಗಲ್ಲಿಗೂ, ಮರುದಿನ ಅಲ್ಲಿಂದಾಚೆಯ ಬಿಸಿಲೆಯ ಕಡೆಗೂ ಹೋಗಿಬಂದೆವು. ಆದರೆ ಇದು ಆ ಪ್ರವಾಸದ ದಿನಚರಿಯಲ್ಲ. ಈ ಸೀಮೆಯಲ್ಲಿ ಬೆಳೆ, ಕೋಟೆ, ರೈಲು, ಹೊಳೆ ಯಾವುದೇ ಇರಲಿ, ಇಳಿಜಾರಿನ ಕಟ್ಟಳೆಗೆ ತಲೆಬಾಗಿದ್ದು ಉಳಿಯುತ್ತದೆ, ಬಾಗದಿದ್ದುದು ಜರಿಯುತ್ತದೆ ಎಂಬುದೊಂದೇ ನಾನು ಹೇಳಬೇಕೆಂದಿರುವ ಮಾತು.

ಪ್ರವಾಸಿ ಸೈಕಲ್ಲಿನ ತವರು

ಸೈಕಲ್ಲಿನ ಮೇಲೆ ದೇಶ ನೋಡುವುದನ್ನು ಒಂದು ವಿದ್ಯೆಯಂತೆ ಬೆಳೆಸಿದವರಲ್ಲಿ ಫ್ರಾನ್ಸಿನವರು ಮುಖ್ಯರು. ಅಲ್ಲಿಯ ಸೇಂತ್ ಎತಿಯೆನ್ ಪಟ್ಟಣದಲ್ಲಿ ಪಾಲ್ ದ ವಿವಿ ಎಂಬ ಮಹನೀಯನಿದ್ದನು. 1853ರಲ್ಲಿ ಹುಟ್ಟಿ 1930ರಲ್ಲಿ ತೀರಿಕೊಂಡ ಈತನನ್ನು ಜನರು ಗುರುತಿಸುವುದು 'ವೆಲೊಸಿಯೊ' ಎಂಬ ಅಂಕಿತನಾಮದಿಂದ. 1887ರಲ್ಲಿ ಆತ ಸೈಕಲ್ ಸವಾರರಿಗಾಗಿಯೇ ಒಂದು ಪತ್ರಿಕೆಯನ್ನು ಆರಂಭಿಸಿದನು. ಪಂದ್ಯದ ಸೈಕಲ್ ಬೇರೆ, ಪ್ರವಾಸದ ಸೈಕಲ್ ಬೇರೆ ಎಂದು ಸಾರಿದನು. ಹಸಿವಾಗುವ ಮೊದಲೇ ಉಣ್ಣಬೇಕು, ದಣಿಯುವ ಮೊದಲೇ ವಿರಮಿಸಬೇಕು ಎಂಬುದು ಅವನ ಉಪದೇಶದ ಸಾರ. ಅವನ ಊರಿನ ಸುತ್ತ ಬೆಟ್ಟಗಳಿದ್ದುದರಿಂದ ಒಂದೇ ಗೇರಿನ ಸೈಕಲ್ಲಿನಿಂದ ಪ್ರಯೋಜನವಿಲ್ಲವೆಂಬುದು ಅವನಿಗೆ ಬೇಗನೆ ಮನವರಿಕೆಯಾಯಿತು. ಹಲವು ಗೇರುಗಳ ಸೈಕಲ್ಲಿಗಾಗಿ ಆತ ಜೀವಮಾನವೆಲ್ಲ ವಾದಿಸಿದನು. ಆದರೂ ಫ್ರಾನ್ಸಿನ ಮಹಾ ಸೈಕಲ್ ಪಂದ್ಯದ ವ್ಯವಸ್ಥಾಪಕರು ಗೇರು ಬದಲಿಸುವ ಸಲಕರಣೆಗೆ ಅನುಮತಿ ಕೊಟ್ಟದ್ದು 1937ರಲ್ಲಿ. ಎಂದರೆ ಅವನು ಕಾಲವಾಗಿ 7 ವರ್ಷಗಳಾದ ಮೇಲೆ.

ಆ ದೇಶದಲ್ಲಿ ಸೈಕಲ್ ಪ್ರವಾಸಿಗಳು ಮೆಚ್ಚುವ ಇನ್ನೊಂದು ಏರ್ಪಾಡು 'ಹಸಿರು ದಾರಿ'. ಮೋಟಾರಿಗೆ ಪ್ರವೇಶವಿಲ್ಲದ, ನಡೆಯುವವರಿಗೂ ಸೈಕಲ್ಲಿನವರಿಗೂ ಮೀಸಲಾದ ರಸ್ತೆಗೆ ಅಲ್ಲಿ ಆ ಹೆಸರು. ಬರ್ಗಂಡಿ ಪ್ರಾಂತದ ದ್ರಾಕ್ಷಿತೋಟಗಳ ನಡುವೆ ಜೀವ್ರಿಯಿಂದ ಕ್ಲೂನಿಯವರೆಗೆ ಸುಮಾರು 44 ಕಿ.ಮೀ. ಉದ್ದದ ಇಂಥ ದಾರಿಯೊಂದನ್ನು 1997ರಲ್ಲಿ ತೆರೆದರು. ಅದು ಹೊಸದಾಗಿ ಕಡಿದ ದಾರಿಯಲ್ಲ. ರೈಲು ನಿಂತುಹೋದ ಹಳೆಯ ಮಾರ್ಗ. ಹಳಿಗಳನ್ನು ಕಿತ್ತು, ನೆಲವನ್ನು ಗಟ್ಟಿಮಾಡಿ, ಅದನ್ನು ಸೈಕಲ್ಲಿಗೆ ಬಿಟ್ಟುಕೊಟ್ಟರು. ಹಳೆಯ ರೈಲುದಾರಿ ಸೈಕಲ್ಲಿಗೆ ಇಷ್ಟು ಹಿತವಾಗುವುದೇಕೆ? ಇದಕ್ಕೆ ಉತ್ತರ ಬೇಕಾದರೆ ನಮ್ಮ ಸೈಕಲ್ಲಿನ ಹಲ್ಲುಗಳನ್ನು ಎಣಿಸಬೇಕು.

ಹಲ್ಲುಗಳ ಲೆಕ್ಕ

ನಮ್ಮ ಮೂವರ ಸೈಕಲ್ಲುಗಳಲ್ಲಿ ಎರಡು ಗೇರಿನವು, ಮೂರನೆಯದು ಸರ್ಕಾರದ್ದು. ಕರ್ನಾಟಕ ಸರ್ಕಾರವು 2006-07ರಲ್ಲಿ ಆರಂಭಿಸಿ ಹಲವು ವರ್ಷ ನಡೆಸಿದ ಯೋಜನೆಯಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಹಂಚಿದ ಸೈಕಲ್ಲು ಅದು. ನಮ್ಮಲ್ಲಿ ಅನೇಕರು ಶಾಲೆಗೆ ಹೋದದ್ದು ಅದರ ಮೇಲೆಯೇ. ಅದಕ್ಕೆ ಗೇರಿಲ್ಲ.

ಗೇರಿಲ್ಲದ ಸೈಕಲ್ಲಿನ ಮುಂದಿನ ಚೈನ್‌ವೀಲಿನಲ್ಲಿ 44 ಹಲ್ಲು, ಹಿಂದಿನ ಫ್ರೀವೀಲಿನಲ್ಲಿ 18 ಹಲ್ಲು ಇವೆಯೆಂದು ಇಟ್ಟುಕೊಳ್ಳೋಣ. ಪೆಡಲು ಒಂದು ಸುತ್ತು ಬಂದರೆ ಹಿಂದಿನ ಗಾಲಿಯು ಸುಮಾರು ಎರಡೂವರೆ ಸುತ್ತು ಬರುತ್ತದೆ. ಗಾಲಿಯ ಸುತ್ತಳತೆ ಸುಮಾರು 2.2 ಮೀಟರ್ ಆದುದರಿಂದ ಸೈಕಲ್ಲು ಹೆಚ್ಚುಕಡಿಮೆ 5.4 ಮೀಟರ್ ಮುಂದಕ್ಕೆ ಹೋಗುತ್ತದೆ. ಈಗ ರಸ್ತೆಯು 100 ಮೀಟರಿಗೆ 5 ಮೀಟರಿನಂತೆ ಏರುತ್ತಿದ್ದರೆ ಪೆಡಲಿನ ಪ್ರತಿ ಸುತ್ತಿಗೂ ಸವಾರ ಮೇಲಕ್ಕೇರುವುದು 27 ಸೆಂಟಿಮೀಟರ್. ಸವಾರ ಮತ್ತು ಸೈಕಲ್ಲು ಸೇರಿ 80 ಕಿಲೋ ತೂಕವಾದರೆ, ಅಷ್ಟು ತೂಕದ ಮೂಟೆಯನ್ನು ಪ್ರತಿ ಸುತ್ತಿಗೂ ಗೇಣಿಗಿಂತ ಎತ್ತರಕ್ಕೆ ಎತ್ತಿದ ಹಾಗಾಯಿತು. ಗೇರಿನ ಸೈಕಲ್ಲಿನಲ್ಲಿ ಮುಂದೆ 30 ಹಲ್ಲು, ಹಿಂದೆ 30 ಹಲ್ಲು ಬರುವಂತೆ ಚೈನನ್ನು ಬದಲಿಸಿದರೆ ಪ್ರತಿ ಸುತ್ತಿಗೂ ಮುಂದೆ ಹೋಗುವುದು 2.2 ಮೀಟರ್, ಮೇಲಕ್ಕೇರುವುದು 11 ಸೆಂಟಿಮೀಟರ್ ಮಾತ್ರ. ಒಟ್ಟು ಏರಬೇಕಾದ ಎತ್ತರ ಎರಡು ಸೈಕಲ್ಲಿಗೂ ಒಂದೇ. ಆದರೆ ಒಂದು ಹೊರೆಯನ್ನು ಒಂದೇ ಸಲಕ್ಕೆ ಹೊರುವುದಕ್ಕೂ ಅದನ್ನು ಎರಡು ಮೂರು ಸಲವಾಗಿ ಹೊರುವುದಕ್ಕೂ ಎಷ್ಟು ವ್ಯತ್ಯಾಸವೆಂಬುದನ್ನು ಗೊಬ್ಬರದ ಕುಕ್ಕೆ ಹೊತ್ತವರೆಲ್ಲ ಬಲ್ಲರು. ವೆಲೊಸಿಯೊ ಹೇಳುತ್ತಿದ್ದುದರ ತಿರುಳು ಇದೇ.

ರೈಲಿನ ಎಂಜಿನ್ನೂ ಒಂದು ರೀತಿಯಲ್ಲಿ ಗೇರಿಲ್ಲದ ಸೈಕಲ್ಲಿನ ಜಾತಿಯದೇ. ಅದಕ್ಕೆ ಏರು ಆಗುವುದಿಲ್ಲ. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಗಾಲಿ ಜಾರುತ್ತದೆ. ಆದಕಾರಣ ರೈಲುಮಾರ್ಗ ಹಾಕುವವರು ಗುಡ್ಡವನ್ನು ಏರುವುದರ ಬದಲು ಅದನ್ನು ಬಳಸುತ್ತಾರೆ, ಇಲ್ಲವೆ ಕೊರೆಯುತ್ತಾರೆ. ಸಕಲೇಶಪುರದ ಘಟ್ಟದಲ್ಲಿ ಹಳಿಯ ಇಳಿಜಾರು 50ಕ್ಕೆ 1. ಎಂದರೆ 100 ಮೀಟರಿಗೆ 2 ಮೀಟರ್. ರೈಲಿಗೆ ಅದೇ ಬಹಳ ಕಡಿದು. ಆದರೆ ಗೇರಿಲ್ಲದ ನಮ್ಮ ಸೈಕಲ್ಲು ಅಂಥ ಏರಿನಲ್ಲಿ ಸುತ್ತಿಗೆ 11 ಸೆಂಟಿಮೀಟರ್ ಮಾತ್ರ ಮೇಲೇರಿದರೆ ಸಾಕು! ಫ್ರಾನ್ಸಿನ ಹಳೆಯ ರೈಲುದಾರಿಗಳಲ್ಲಿ ಮುದುಕರೂ ಮಕ್ಕಳೂ ನಗುತ್ತ ಸೈಕಲ್ ತುಳಿಯುವುದರ ಗುಟ್ಟು ಇದರಲ್ಲಿದೆ.

ಹಾಸನದಿಂದ ದೋಣಿಗಲ್ಲಿಗೆ

ಹಾಸನದಿಂದ ಸಕಲೇಶಪುರ ಸುಮಾರು 40 ಕಿ.ಮೀ. ಮಲೆನಾಡಿಗೆ ಹೋಗುವುದೆಂದರೆ ಬೆಟ್ಟ ಹತ್ತುವುದೆಂದು ಬಯಲುಸೀಮೆಯ ನಾವು ಭಾವಿಸುತ್ತೇವೆ. ಸೈಕಲ್ಲು ಈ ಭಾವನೆಯನ್ನು ಮೊದಲ ದಿನವೇ ತಿದ್ದುತ್ತದೆ. ಹಾಸನವೂ ಸಕಲೇಶಪುರವೂ ಸಮುದ್ರಮಟ್ಟದಿಂದ ಸರಿಸುಮಾರು 900 ಮೀಟರಿಗೆ ಮೇಲ್ಪಟ್ಟು ಒಂದೇ ಎತ್ತರದ ಆಸುಪಾಸಿನಲ್ಲಿರುವ ಊರುಗಳು. ಪೂರ್ವದಿಂದ ಬರುವವನು ಪಶ್ಚಿಮಘಟ್ಟವನ್ನು ಹತ್ತುವುದೇ ಇಲ್ಲ. ಅವನು ಆಗಲೇ ಅದರ ಮೇಲಿದ್ದಾನೆ. ಹಾಗೆಂದು ರಸ್ತೆ ಸಮತಟ್ಟಾಗಿದೆಯೇ? ಇಲ್ಲ. ಪಾಳ್ಯ, ಬಾಳ್ಳುಪೇಟೆಗಳನ್ನು ದಾಟುವಾಗ ಏರು, ಇಳುಕಲು, ಮತ್ತೆ ಏರು. ಇಳಿದಲ್ಲೆಲ್ಲ ಒಂದು ಗದ್ದೆ ಬಯಲು, ಏರಿದಲ್ಲೆಲ್ಲ ಒಂದು ತೋಟ. ಗಳಿಸಿದ ಎತ್ತರವನ್ನೆಲ್ಲ ಮುಂದಿನ ಹಳ್ಳದಲ್ಲಿ ಕಳೆದುಕೊಂಡು ಮತ್ತೆ ಗಳಿಸಬೇಕು. ಬಸ್ಸಿನಲ್ಲಿ ಹೋಗುವವನಿಗೆ ಇದು ಹೊಟ್ಟೆಯೊಳಗಿನ ಕುಲುಕಾಟ. ಸೈಕಲ್ಲಿನವನಿಗೆ ಇದು ಭೂರಚನೆಯ ಪಾಠ. ಮಳೆಯ ನೀರು ಸಾವಿರಾರು ವರ್ಷ ಕೊರೆದ ಕಣಿವೆಗಳನ್ನು ಅವನು ಒಂದೊಂದಾಗಿ ಎಣಿಸುತ್ತ ಹೋಗುತ್ತಾನೆ.

ಬೆಳೆಗಳೂ ಈ ದಾರಿಯಲ್ಲಿ ಸಾಲಾಗಿ ಬಂದು ಪರಿಚಯ ಹೇಳಿಕೊಳ್ಳುತ್ತವೆ. ಹಾಸನದ ಸುತ್ತ ರಾಗಿ, ಜೋಳ, ಆಲೂಗಡ್ಡೆಯ ಹೊಲಗಳು. ಆಲೂರಿಗೆ ಬಂದರೆ ಹಳ್ಳದ ತಳದಲ್ಲೆಲ್ಲ ಭತ್ತದ ಗದ್ದೆ, ಅಂಚಿನಲ್ಲಿ ಶುಂಠಿ. ಬಾಳ್ಳುಪೇಟೆಯಿಂದಾಚೆಗೆ ಗುಡ್ಡದ ಮಗ್ಗುಲಲ್ಲಿ ಕಾಫಿ ದಟ್ಟವಾಗುತ್ತದೆ. ಸಕಲೇಶಪುರ ದಾಟಿ ದೋಣಿಗಲ್ಲಿನ ಕಡೆಗೆ ಹೋದರೆ ತೇವ ತುಂಬಿದ ಕಣಿವೆಗಳಲ್ಲಿ ಏಲಕ್ಕಿ. ಪಶ್ಚಿಮಕ್ಕೆ ಹೋದಷ್ಟೂ ಮಳೆ ಏರುತ್ತದೆ. ಮಳೆ ಏರಿದಷ್ಟೂ ಬೆಳೆ ಬದಲಾಗುತ್ತದೆ. ಅರ್ಧ ದಿನದ ಸವಾರಿಯಲ್ಲಿ ಇಷ್ಟು ವ್ಯತ್ಯಾಸವನ್ನು ಕಣ್ಣಾರೆ ಕಾಣಬಹುದಾದ ರಸ್ತೆ ಭೂಗೋಳದ ವಿದ್ಯಾರ್ಥಿಗೆ ದೊರೆತ ಭಾಗ್ಯವೆಂದರೆ ಅತಿಶಯೋಕ್ತಿಯಾಗಲಾರದು.

ದೋಣಿಗಲ್ಲಿನಲ್ಲಿ ಭಾರತೀಯ ಏಲಕ್ಕಿ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವೊಂದಿದೆ. ಇಂಥ ಕೇಂದ್ರ ಇಲ್ಲೇ ಏಕೆ ಎಂಬ ಪ್ರಶ್ನೆಗೆ ಉತ್ತರ ಆ ನೆಲದ ತಂಪಿನಲ್ಲಿಯೇ ಇದೆ. ಏಲಕ್ಕಿಗೆ ನೆರಳು ಬೇಕು, ತೇವ ಬೇಕು, ಆದರೆ ಬುಡದಲ್ಲಿ ನೀರು ನಿಲ್ಲಬಾರದು. ಮಳೆಯೂ ಇಳಿಜಾರೂ ಕೂಡಿದ ಕಡೆ ಮಾತ್ರ ಈ ಮೂರೂ ಒದಗುತ್ತವೆ. ಅದರ ಹಗೆಯೂ ಇಲ್ಲಿಯದೇ. ಎಲೆಯಲ್ಲಿ ತಿಳಿಹಸಿರು ಪಟ್ಟೆಗಳು ಮೂಡಿ ಗಿಡ ಸೊರಗುವ ಕಟ್ಟೆ ರೋಗವು ವೈರಾಣುವಿನಿಂದ ಬರತಕ್ಕದ್ದು. ಅದನ್ನು ಗಿಡದಿಂದ ಗಿಡಕ್ಕೆ ಸಾಗಿಸುವುದು ಒಂದು ಬಗೆಯ ಹೇನು. ರೋಗ ಹಿಡಿದ ಗಿಡವನ್ನು ಬೇರುಸಹಿತ ಕಿತ್ತು ನಾಶಮಾಡುವುದೇ ಬೆಳೆಗಾರನ ಮೊದಲ ಕೆಲಸ.

ತೋಟವೋ, ಕಾಡೋ?

ಬರ್ಗಂಡಿಯ ದ್ರಾಕ್ಷಿಗೂ ನಮ್ಮ ಕಾಫಿಗೂ ಒಂದು ದೊಡ್ಡ ಭೇದವುಂಟು. ದ್ರಾಕ್ಷಿ ಬಿಸಿಲನ್ನು ಬೇಡುತ್ತದೆ. ಅದನ್ನು ಬಯಲಾದ ಇಳಿಜಾರಿನಲ್ಲಿ ಸಾಲುಸಾಲಾಗಿ ನೆಡುತ್ತಾರೆ. ಕಾಡು ಗುಡ್ಡದ ನೆತ್ತಿಯಲ್ಲಿ ಬೇರೆಯಾಗಿ ನಿಂತಿರುತ್ತದೆ. ಅಲ್ಲಿಯ ಸವಾರ ತೋಟವನ್ನು ಮುಗಿಸಿ ಕಾಡನ್ನು ಹೊಗುತ್ತಾನೆ. ನಮ್ಮ ಕಾಫಿ ನೆರಳಿನ ಗಿಡ. ಹಾಲುವಾಣ, ಸಿಲ್ವರ್ ಓಕ್, ಅತ್ತಿ, ಹಲಸು ಮೊದಲಾದ ಮರಗಳ ಕೆಳಗೆ ಕಾಫಿ. ಆ ಮರಗಳ ಮೈಮೇಲೆ ಮೆಣಸಿನ ಬಳ್ಳಿ. ಮಳೆಗಾಲಕ್ಕೆ ಮುನ್ನ ಮರಗಸಿ ಮಾಡಿ ನೆರಳನ್ನು ಹದಕ್ಕೆ ತರುತ್ತಾರೆಯೇ ಹೊರತು ಮರವನ್ನು ತೆಗೆಯುವುದಿಲ್ಲ. ಆದಕಾರಣ ಇಲ್ಲಿಯ ಸವಾರನಿಗೆ ತೋಟ ಎಲ್ಲಿ ಮುಗಿಯಿತು, ಕಾಡು ಎಲ್ಲಿ ಮೊದಲಾಯಿತು ಎಂಬುದು ಬೇಲಿಯನ್ನು ನೋಡಿದರೆ ಮಾತ್ರ ತಿಳಿಯುತ್ತದೆ.

ನೆರಳಿನ ಈ ಪದ್ಧತಿ ಇಳಿಜಾರಿನ ರಕ್ಷಣೆಯೂ ಹೌದು. ಮರದ ಎಲೆ ಮಳೆಯ ಹೊಡೆತವನ್ನು ತಾಳಿಕೊಳ್ಳುತ್ತದೆ. ಉದುರಿದ ತರಗು ಮಣ್ಣಿಗೆ ಹೊದಿಕೆಯಾಗುತ್ತದೆ. ಬೇರು ಮಣ್ಣನ್ನು ಹಿಡಿಯುತ್ತದೆ. ಇಷ್ಟು ಸಾಲದೆಂದು ಬೆಳೆಗಾರರು ಇಳಿಜಾರಿಗೆ ಅಡ್ಡಲಾಗಿ, ಗಿಡದ ಸಾಲುಗಳ ನಡುವೆ 'ತೊಟ್ಟಿಲು ಗುಂಡಿ'ಗಳನ್ನು ತೆಗೆಯುತ್ತಾರೆ. ಓಡುವ ನೀರು ಅದರಲ್ಲಿ ತಂಗಿ ಇಂಗುತ್ತದೆ. ಕೊಚ್ಚಿಬಂದ ಮೇಲ್ಮಣ್ಣು ಅಲ್ಲೇ ಉಳಿಯುತ್ತದೆ. ನೀರನ್ನು ಓಡಗೊಡದೆ ನಡೆಸುವುದೇ ಈ ಕೃಷಿಯ ಜಾಣ್ಮೆ. ರಾಬರ್ಟ್ ಎಲಿಯಟ್ ಎಂಬ ಬ್ರಿಟಿಷ್ ಬೆಳೆಗಾರನು 1850ರ ದಶಕದಲ್ಲಿ ಮಂಜರಾಬಾದಿಗೆ ಬಂದು ಬಹುಕಾಲ ಕಾಫಿ ಬೆಳೆದು, 1894ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಮೈಸೂರಿನ ಕಾಫಿತೋಟಗಳ ವಿಷಯವನ್ನು ವಿವರವಾಗಿ ಬರೆದನು. ಮಂಜರಾಬಾದ್ ಎಂಬುದು ಸಕಲೇಶಪುರ ಸೀಮೆಗೆ ಹಿಂದೆ ಇದ್ದ ಹೆಸರು.

ತೋಟವೇ ಕಾಡಾದ ಮೇಲೆ ಕಾಡಿನ ಪ್ರಾಣಿಯೂ ತೋಟಕ್ಕೆ ಬರುವುದು ಸಹಜ. ಆಲೂರು–ಸಕಲೇಶಪುರ ಸೀಮೆಯ ಆನೆಗಳು ಹಗಲು ತೋಟದ ನೆರಳಿನಲ್ಲಿದ್ದು ರಾತ್ರಿ ಗದ್ದೆಗಿಳಿಯುತ್ತವೆ. ಇದರಿಂದ ಕೂಲಿಕಾರರೂ ರೈತರೂ ಪ್ರಾಣ ಕಳೆದುಕೊಂಡಿದ್ದಾರೆ, ಆನೆಗಳೂ ಸತ್ತಿವೆ. ರಾಜ್ಯದ ಉಚ್ಚ ನ್ಯಾಯಾಲಯದ ಆದೇಶದಂತೆ ರಚಿತವಾದ ಆನೆ ಕಾರ್ಯಪಡೆಯು 2012ರಲ್ಲಿ ಸಲ್ಲಿಸಿದ ವರದಿಯಲ್ಲಿ ಈ ಸೀಮೆಯ ಸಂಕಟವನ್ನೂ ವಿಚಾರಿಸಿತು. ಮೈಸೂರು ದಸರೆಯಲ್ಲಿ 8 ಸಲ ಚಿನ್ನದ ಅಂಬಾರಿ ಹೊತ್ತ ಅರ್ಜುನನು 2023ರ ಡಿಸೆಂಬರ್ 4ರಂದು ಮಡಿದುದು ಇದೇ ತಾಲ್ಲೂಕಿನ ಯಸಳೂರಿನ ಬಳಿ, ಕಾಡಾನೆಯನ್ನು ಹಿಡಿಯುವ ಕಾರ್ಯಾಚರಣೆಯಲ್ಲಿ. ಸೈಕಲ್ಲು ಸದ್ದು ಮಾಡದ ವಾಹನವೆಂದು ನಾವು ಹೊಗಳುತ್ತೇವೆ. ಆನೆಯಿರುವ ಸೀಮೆಯಲ್ಲಿ ಆ ಗುಣವೇ ಅಪಾಯ. ತಿರುವಿನಾಚೆ ನಿಂತ ಆನೆಗೆ ನಾವು ಬರುವುದು ತಿಳಿಯುವುದಿಲ್ಲ, ಅದು ನಿಂತಿರುವುದು ನಮಗೆ ತಿಳಿಯುವುದಿಲ್ಲ. ಸೂರ್ಯೋದಯಕ್ಕೆ ಮುಂಚೆಯೂ ಸಂಜೆ ಐದರ ನಂತರವೂ ತೋಟದ ರಸ್ತೆಯಲ್ಲಿ ಇರಬಾರದೆಂದು ನಮಗೆ ಹಾದಿಯುದ್ದಕ್ಕೂ ಊರವರು ಹೇಳಿದರು. ನಾವು ಅದನ್ನು ಪಾಲಿಸಿದೆವು.

ಪೆಡಲು ನಿಲ್ಲುವ ನೆತ್ತಿ

ಸಕಲೇಶಪುರದಲ್ಲಿ ಹೇಮಾವತಿಯನ್ನು ದಾಟಿ ಮಂಗಳೂರಿನ ಕಡೆಗೆ ಐದಾರು ಕಿ.ಮೀ. ಹೋದರೆ ದೋಣಿಗಲ್. ಹೆದ್ದಾರಿಯ ಮಗ್ಗುಲಿನ ಗುಡ್ಡದ ಮೇಲೆ ಮಂಜರಾಬಾದ್ ಕೋಟೆಯಿದೆ. 1792ರಲ್ಲಿ ಟಿಪ್ಪು ಸುಲ್ತಾನನು ಕಟ್ಟಿಸಿದ ಈ ಕೋಟೆ ಎಂಟು ಮೂಲೆಯ ನಕ್ಷತ್ರದ ಆಕಾರದಲ್ಲಿದೆ. ಇಂಥ ನಕ್ಷತ್ರದ ಕೋಟೆಗಳ ವಿದ್ಯೆಯನ್ನು ಯೂರೋಪಿನಲ್ಲಿ ಪರಿಪೂರ್ಣತೆಗೆ ತಂದವನು ಫ್ರಾನ್ಸಿನ ವೋಬಾನ್ (1633–1707). ಚೂಪಾದ ಮೂಲೆಗಳಿರುವುದರಿಂದ ಗೋಡೆಯ ಯಾವ ಭಾಗಕ್ಕೆ ಶತ್ರು ಬಂದರೂ ಪಕ್ಕದ ಮೂಲೆಯಿಂದ ಅವನ ಮೇಲೆ ಗುಂಡು ಹಾರಿಸಬಹುದು. ಕೋಟೆಯ ಮೇಲೆ ನಿಂತು ಪಶ್ಚಿಮಕ್ಕೆ ನೋಡಿದರೆ ಅದನ್ನು ಇಲ್ಲಿಯೇ ಏಕೆ ಕಟ್ಟಿದರೆಂಬುದು ಯಾರೂ ಹೇಳದೆ ತಿಳಿಯುತ್ತದೆ. ಕರಾವಳಿಯಿಂದ ಹತ್ತಿ ಬರುವ ಸೈನ್ಯ ಏದುಸಿರು ಬಿಡುತ್ತ ತಲೆಯೆತ್ತುವ ಜಾಗ ಇದೇ. ಇಳಿಜಾರೇ ಕೋಟೆಯ ಮೊದಲ ಗೋಡೆ.

ದೋಣಿಗಲ್ಲಿನ ಒಂದು ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದಾಗ, ನಮ್ಮ ಸೈಕಲ್ಲುಗಳನ್ನು ಸುತ್ತಿ ನೋಡಿದ ಹಿರಿಯರೊಬ್ಬರು ಸರ್ಕಾರದ ಸೈಕಲ್ಲಿನ ಬ್ರೇಕನ್ನು ಅದುಮಿ ನೋಡಿ, "ಇಲ್ಲೀಗಂಟ ಕಾಲು ತಂದೈತೆ. ಇನ್ಮುಂದೆ ಬ್ರೇಕೇ ಕಾಪಾಡ್ಬೇಕು ಕಣ್ರಪ್ಪ. ಇದ್ರಲ್ಲಿ ಘಟ್ಟ ಇಳೀಬ್ಯಾಡ್ರಿ" ಎಂದರು. ಒಂದೇ ಮಾತಿನಲ್ಲಿ ಅವರು ಜಲವಿಭಾಜಕದ ವ್ಯಾಖ್ಯೆಯನ್ನೇ ಹೇಳಿಬಿಟ್ಟರೆಂದು ನನಗೆ ತೋರಿತು. ಪೆಡಲಿನ ಕೆಲಸ ನಿಂತು ಬ್ರೇಕಿನ ಕೆಲಸ ಮೊದಲಾಗುವ ಈ ನೆತ್ತಿಯಿಂದ ಪೂರ್ವಕ್ಕೆ ಬಿದ್ದ ಮಳೆ ಹೇಮಾವತಿಯನ್ನು ಸೇರಿ, ಕಾವೇರಿಯಾಗಿ, ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ಕೆಂಪುಹೊಳೆಯಲ್ಲಿಳಿದು, ಕುಮಾರಧಾರೆಯನ್ನು ಕೂಡಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯ ಜೊತೆಗೂಡಿ ಮಂಗಳೂರಿನಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಮರುದಿನ ಹೆತ್ತೂರು, ವಣಗೂರುಗಳ ದಾರಿಯಾಗಿ ಹೋದಾಗ ಬಿಸಿಲೆಯ ಸಮೀಪದ ಮಂಕನಹಳ್ಳಿಯಲ್ಲಿ ಇದೇ ಸಂಗತಿಯನ್ನು ಸಾರುವ ಕಲ್ಲನ್ನು ಕಂಡೆವು. ಆ ದಿಣ್ಣೆಯ ಮೇಲೆ ನೀರು ಎರಡಾಗಿ ಎರಡು ಕಡಲುಗಳಿಗೆ ಹೋಗುತ್ತದೆಂಬುದನ್ನು ತೋರಿಸಲು ಬ್ರಿಟಿಷರ ಕಾಲದಲ್ಲಿ ನೆಟ್ಟ ಕಲ್ಲು ಅದು. ಪಾಠಪುಸ್ತಕದಲ್ಲಿ ಒಂದು ಸಾಲಾಗಿ ಓದಿದ್ದನ್ನು ಕೈಯಿಂದ ಮುಟ್ಟಿ ನೋಡುವ ಸಂತೋಷವೇ ಬೇರೆ.

ಈಚೆಗೆ ಈ ನೆತ್ತಿಯಲ್ಲಿ ನೀರು ಹಿಂದಕ್ಕೂ ಹರಿಯತೊಡಗಿದೆ. ಪಶ್ಚಿಮಕ್ಕೆ ಹರಿಯುವ ಹಳ್ಳಗಳಿಗೆ ಅಡ್ಡಗಟ್ಟೆ ಕಟ್ಟಿ, ಪಂಪುಗಳಿಂದ ನೀರನ್ನು ಮೇಲೆತ್ತಿ, ಕೋಲಾರ, ಚಿಕ್ಕಬಳ್ಳಾಪುರ ಮೊದಲಾದ ಬರಸೀಮೆಗೆ ಒಯ್ಯುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಉದ್ಘಾಟನೆಯಾಯಿತು. ಯೋಜನೆಯ ಲೆಕ್ಕ 24.01 ಟಿ.ಎಂ.ಸಿ. ನೀರು. ಬಾಯಾರಿದ ಸೀಮೆಗೆ ನೀರು ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಇಷ್ಟು ನೀರು ಅಲ್ಲಿ ದೊರೆಯುವುದೇ, ಕೆಳಗಿನ ಹೊಳೆಗಳ ಗತಿಯೇನು ಎಂಬ ವಾದವೂ ಬಿಸಿಯಾಗಿಯೇ ನಡೆದಿದೆ. ಆ ವಾದದ ತೀರ್ಮಾನ ನನ್ನದಲ್ಲ. ಆದರೆ ಒಂದು ಕೊಡ ನೀರನ್ನು ಒಂದು ಮೀಟರ್ ಮೇಲೆತ್ತುವುದೆಂದರೇನು ಎಂಬುದನ್ನು, ತನ್ನ ಮೈತೂಕವನ್ನೇ ಗುಡ್ಡದ ಮೇಲಕ್ಕೆ ತುಳಿದುಕೊಂಡು ಬಂದವನು ಬೇಗ ಊಹಿಸಬಲ್ಲನು.

ಹಳಿ, ಹೆದ್ದಾರಿ ಮತ್ತು ಕುಸಿತ

ನಾವು ಘಟ್ಟ ಇಳಿಯಲಿಲ್ಲ. ಇಳಿಯುವುದೂ ಒಂದು ಲೆಕ್ಕವೇ. 80 ಕಿಲೋ ತೂಕ 700 ಮೀಟರ್ ಇಳಿದರೆ ಬ್ರೇಕು ಮತ್ತು ಗಾಳಿಗಳು ತಿನ್ನಬೇಕಾದ ಶಕ್ತಿಯು ಒಂದೂವರೆ ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಸಲು ಸಾಕು. ಅದರ ಬಹುಭಾಗ ಬ್ರೇಕಿನ ರಬ್ಬರಿಗೂ ಗಾಲಿಯ ರಿಮ್ಮಿಗೂ ಬಿಸಿಯಾಗಿ ಬರುತ್ತದೆ. ಜೊತೆಗೆ ಶಿರಾಡಿಯ ದಾರಿಯಲ್ಲಿ ಹಗಲಿರುಳು ಲಾರಿಗಳು. 2015ರಲ್ಲಿ ಒಂದು ಭಾಗಕ್ಕೂ 2018ರಲ್ಲಿ ಇನ್ನೊಂದು ಭಾಗಕ್ಕೂ ಕಾಂಕ್ರೀಟು ಹಾಕಿದ ಮೇಲೆ ರಸ್ತೆ ನುಣುಪಾಗಿದೆ, ವೇಗವೂ ಹೆಚ್ಚಿದೆ.

ಹೆದ್ದಾರಿ ಬೇಡವೆಂದರೆ ದೋಣಿಗಲ್ಲಿನಿಂದ ಇಳಿಯುವ ರೈಲುದಾರಿಯಿಲ್ಲವೇ ಎಂದು ಕೆಲವರು ಕೇಳಬಹುದು. ಚಾರಣದವರು ಅದನ್ನೂ 'ಹಸಿರು ದಾರಿ' ಎಂದೇ ಕರೆಯುತ್ತಾರೆ. ಈ ಹೆಸರು ಹುಟ್ಟಿದ ಬಗೆಯನ್ನು ತಿಳಿಯಬೇಕು. ಹಾಸನ–ಮಂಗಳೂರು ರೈಲುಮಾರ್ಗ 1979ರಲ್ಲಿ ಮೀಟರ್ ಗೇಜಿನಲ್ಲಿ ತೆರೆಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ಘಟ್ಟದಲ್ಲಿ ಐವತ್ತಕ್ಕೂ ಹೆಚ್ಚು ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು. ಬ್ರಾಡ್ ಗೇಜಿಗೆ ಬದಲಿಸಲು 1996ರಲ್ಲಿ ಸಂಚಾರ ನಿಂತಿತು. 2006ರಲ್ಲಿ ಸರಕು ರೈಲು, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ರೈಲು ಮತ್ತೆ ಬಂದವು. ನಡುವಣ ವರ್ಷಗಳಲ್ಲಿ ರೈಲಿಲ್ಲದ ದಾರಿಯಲ್ಲಿ ನಡೆಯುವವರ ಗುಂಪುಗಳು ಹೆಚ್ಚಿದವು. ರೈಲು ಬಂದ ಮೇಲೂ ರೂಢಿ ಬಿಡಲಿಲ್ಲ. ಬರ್ಗಂಡಿಯ ಹಸಿರು ದಾರಿ ರೈಲು ಸತ್ತ ಮೇಲೆ ಹುಟ್ಟಿದ್ದು. ನಮ್ಮದು ಜೀವಂತ ರೈಲಿನ ದಾರಿ. ಸುರಂಗದೊಳಗೆ ರೈಲು ಎದುರಾದರೆ ಸರಿದು ನಿಲ್ಲಲು ಎಡೆಯಿರುವುದಿಲ್ಲ. ಅಲ್ಲಿ ನಡೆಯುವುದು ಕಾನೂನಿನಂತೆ ಅಪರಾಧ, ವಿವೇಕದಂತೆಯೂ ಅಪರಾಧ. ಹೆಸರು ಒಂದಾದ ಮಾತ್ರಕ್ಕೆ ವಸ್ತು ಒಂದಾಗದು.

ಇನ್ನು ಕುಸಿತದ ಮಾತು. ಕಣದಲ್ಲಿ ರಾಗಿಯನ್ನು ರಾಶಿ ಹಾಕಿದಾಗ ಅದು ತನಗೊಪ್ಪುವ ಒಂದು ಇಳಿಜಾರಿನಲ್ಲಿ ತಾನಾಗಿ ನಿಲ್ಲುತ್ತದೆ. ಬುಡದಿಂದ ಒಂದು ಮೊರದಷ್ಟು ತೆಗೆದರೆ ಮೇಲಿನದು ಜಾರಿ ಆ ಇಳಿಜಾರನ್ನು ಮತ್ತೆ ಹುಡುಕಿಕೊಳ್ಳುತ್ತದೆ. ಗುಡ್ಡದ ಮಣ್ಣಿಗೂ ಅಂಥದೊಂದು ಇಳಿಜಾರುಂಟು. ಮರದ ಬೇರು ಅದನ್ನು ಸ್ವಲ್ಪ ಹೆಚ್ಚು ಕಡಿದಾಗಿ ನಿಲ್ಲಿಸಬಲ್ಲದು. ಮಳೆಯ ನೀರು ಅದನ್ನು ಭಾರವಾಗಿಸಿ ಹಿಡಿತವನ್ನು ಸಡಿಲಿಸುತ್ತದೆ. ರಸ್ತೆ ಅಗಲಿಸಲು ಗುಡ್ಡದ ಬುಡವನ್ನು ಗೋಡೆಯಂತೆ ನೆಟ್ಟಗೆ ಕಡಿದು, ಮೇಲಿನ ಮರಗಳನ್ನು ತೆಗೆದು, ನೀರಿಗೆ ದಾರಿ ಬಿಡದೆ ಹೋದರೆ ರಾಗಿಯ ರಾಶಿಗೆ ಆದದ್ದೇ ಗುಡ್ಡಕ್ಕೂ ಆಗುತ್ತದೆ. 2018ರ ಆಗಸ್ಟಿನ ಮಳೆಯಲ್ಲಿ ಈ ಘಟ್ಟದ ರೈಲುದಾರಿಯ ಮೇಲೆ ಅನೇಕ ಕಡೆ ಗುಡ್ಡ ಜರಿದು ತಿಂಗಳುಗಟ್ಟಲೆ ಸಂಚಾರ ಕೆಟ್ಟಿತು. 2024ರ ಜುಲೈಯಲ್ಲಿ ಯಡಕುಮೇರಿ–ಕಡಗರವಳ್ಳಿಗಳ ನಡುವೆ ಹಳಿಯ ಅಡಿಯ ಮಣ್ಣೇ ಜಾರಿ ರೈಲುಗಳು ನಿಂತವು. ಅದೇ ತಿಂಗಳು ದೋಣಿಗಲ್ಲಿನಾಚೆಯ ದೊಡ್ಡತಪ್ಪಲೆಯಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿದ್ದಿತು. ಮಳೆ ಹೆಚ್ಚಾದುದು ನಿಜ. ಆದರೆ ಅದೇ ಮಳೆಯಲ್ಲಿ ತೊಟ್ಟಿಲು ಗುಂಡಿಯೂ ನೆರಳುಮರವೂ ಇದ್ದ ಎಷ್ಟೋ ತೋಟಗಳ ಇಳಿಜಾರು ನಿಂತಿತು ಎಂಬುದನ್ನೂ ನಾವು ಮರೆಯಬಾರದು.

ಹೋಗುವವರಿಗೆ ನಾಲ್ಕು ಮಾತು

ಈ ಪಾಠವನ್ನು ಸ್ವತಃ ಕಲಿಯಬಯಸುವ ವಿದ್ಯಾರ್ಥಿ ಮಿತ್ರರು ನವೆಂಬರಿನಿಂದ ಫೆಬ್ರವರಿಯೊಳಗೆ ಹೊರಡಬೇಕು. ಆಗ ಮಳೆಯಿಲ್ಲ, ಇಂಬಳದ ಕಾಟವಿಲ್ಲ. ಕಾಫಿ ಕುಯ್ಲು ನಡೆದಿರುತ್ತದೆ, ಕಣಗಳಲ್ಲಿ ಹಣ್ಣು ಒಣಗುತ್ತಿರುತ್ತದೆ. ಮಾರ್ಚ್–ಏಪ್ರಿಲಿನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಹೂವಾಗುವುದನ್ನು ನೋಡಬೇಕೆನ್ನುವವರು ಬಿಸಿಲನ್ನು ತಾಳಲು ಸಿದ್ಧರಾಗಿರಬೇಕು. ಹೆದ್ದಾರಿಗಿಂತ ಒಳಗಿನ ರಸ್ತೆಗಳು ಮೇಲು. ಆಲೂರಿನಿಂದ ಕೆಂಚಮ್ಮನ ಹೊಸಕೋಟೆಯ ಕಡೆಗೂ, ಸಕಲೇಶಪುರದಿಂದ ಐಗೂರು, ಯಸಳೂರುಗಳ ಕಡೆಗೂ ಇರುವ ರಸ್ತೆಗಳಲ್ಲಿ ಲಾರಿ ಕಡಿಮೆ. ತೋಟದೊಳಗಿನ ದಾರಿ ಖಾಸಗಿಯದು. ರೈಟರನ್ನೋ ಮಾಲೀಕರನ್ನೋ ಕೇಳದೆ ಹೊಗಬಾರದು. ಬ್ರೇಕಿನ ರಬ್ಬರನ್ನು ಹೊರಡುವ ಮುನ್ನ ಬದಲಿಸಬೇಕು. ಇಳಿಯುವಾಗ ಹಿಂದಿನ ಮುಂದಿನ ಬ್ರೇಕುಗಳನ್ನು ಸರದಿಯಂತೆ ಹಿಡಿಯಬೇಕು. ರಿಮ್ಮು ಬಿಸಿಯಾದರೆ ನಿಲ್ಲಬೇಕು. ಆನೆಯ ಸುದ್ದಿಯನ್ನು ಪ್ರತಿ ಊರಿನಲ್ಲೂ ವಿಚಾರಿಸಬೇಕು.

ಎಲ್ಲಕ್ಕೂ ಮಿಗಿಲಾಗಿ ಕಿಸೆಯಲ್ಲಿ ಒಂದು ಚಿಕ್ಕ ಪುಸ್ತಕವಿರಲಿ. ಎಲ್ಲಿ ಇಳಿದು ಸೈಕಲ್ಲನ್ನು ತಳ್ಳಬೇಕಾಯಿತು, ಅಲ್ಲಿ ಯಾವ ಬೆಳೆಯಿತ್ತು, ರಸ್ತೆಯ ಮಗ್ಗುಲ ಮಣ್ಣನ್ನು ಹೇಗೆ ಕಡಿದಿದ್ದರು, ನೀರು ಯಾವ ಕಡೆಗೆ ಹೋಗುತ್ತಿತ್ತು ಎಂಬುದನ್ನು ಬರೆದಿಡಿ. ಮುಂದಿನ ವರ್ಷ ಇನ್ನೊಬ್ಬರು ಅದೇ ದಾರಿಯಲ್ಲಿ ಹೋಗಿ ನೋಡಲಿ. ಹತ್ತು ವರ್ಷ ಇಂಥ ಪುಸ್ತಕಗಳು ಕೂಡಿದರೆ, ಯಾವ ಇಳಿಜಾರು ತಾಳಿತು, ಯಾವುದು ಜರಿಯಿತು ಎಂಬುದಕ್ಕೆ ನಮ್ಮ ಕಾಲೇಜಿನಲ್ಲಿಯೇ ಒಂದು ಸಾಕ್ಷಿ ಇರುತ್ತದೆ. ಈ ಜಿಲ್ಲೆಯ ಗುಡ್ಡಗಳಲ್ಲಿ ಮುಂದೆ ರಸ್ತೆ ಕಡಿಯುವ ಎಂಜಿನಿಯರೂ, ಅದಕ್ಕೆ ಹಣ ಮಂಜೂರು ಮಾಡುವ ಅಧಿಕಾರಿಯೂ, ಅದನ್ನು ಪ್ರಶ್ನಿಸುವ ಪತ್ರಕರ್ತನೂ ಇಂದು ನಮ್ಮ ಪಕ್ಕದ ಬೆಂಚಿನಲ್ಲಿ ಕುಳಿತವರೇ ಆಗಿರಬಹುದು. ಅವರ ಕಾಲುಗಳಿಗೆ ಆ ಏರು ಒಮ್ಮೆ ತಿಳಿದಿದ್ದರೆ ಅವರ ಕೈಗಳು ಗುಡ್ಡವನ್ನು ಕಡಿಯುವ ಮುನ್ನ ಸ್ವಲ್ಪ ತಡೆದಾವು.